ಹುರುಳಿ ಕಂಪೆನಿಯ ಮುಯ್ಯಿ

ಉದ್ದನಪಲ್ಲಿ, ಹೊಸೂರು ತಾಲ್ಲೂಕು, ಸೇಲಂ ಜಿಲ್ಲೆ
ಸ್ವಭಾನು ಸಂವತ್ಸರದ ಫಾಲ್ಗುಣ, ಸೋಮವಾರ
ತಾ. 13-3-1944

ಪ್ರೀತಿಯ ಅಳಿಯ ಚಿರಂಜೀವಿ ರಾಮಚಂದ್ರಪ್ಪನಿಗೆ ನಿನ್ನ ಸೋದರಮಾವ ಆವುಲಪ್ಪ ಎರಡು ಕೈಯೂ ಎತ್ತಿ ಮಾಡುವ ಆಶೀರ್ವಾದಗಳು.

ಮೊದಲು ನಿನ್ನ ಹೊಟ್ಟೆಯ ವಿಚಾರ. ಎರಡು ಹೊತ್ತೂ ಗೋಧಿ ರೊಟ್ಟಿಯೇ ಎಂದು ನೀನು ಹೋದ ಕಾಗದದಲ್ಲಿ ಬರೆದಿದ್ದೆ. ಅದನ್ನು ಓದಿಸಿಕೊಂಡ ದಿನದಿಂದ ನಿನ್ನ ಅಮ್ಮ ಪಿಳ್ಳಮ್ಮ ಮುದ್ದೆ ಮುರಿಯುವಾಗಲೆಲ್ಲ ಒಂದು ತುತ್ತನ್ನು ತಟ್ಟೆಯ ಅಂಚಿಗೆ ಸರಿಸಿ, "ನನ್ ಮಗೀಗೆ ಈ ಮುದ್ದೆ ಯಾರು ಕೊಟ್ಟಾರು" ಎಂದು ನಿಟ್ಟುಸಿರು ಬಿಡುತ್ತಾಳೆ. ಆಮೇಲೆ ಆ ತುತ್ತನ್ನೂ ತಾನೇ ಉಣ್ಣುತ್ತಾಳೆ, ಆ ಮಾತು ಬೇರೆ. ಅವಳ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಆರೋಗ್ಯವಾಗಿದೆ. ನಿನ್ನ ಕೆಮ್ಮು ವಾಸಿಯಾಯಿತೆ? ಲಾರಿ ರಿಪೇರಿ ಮಾಡುವಾಗ ತಣ್ಣನೆಯ ನೆಲದ ಮೇಲೆ ಅಂಗಾತ ಮಲಗಬೇಡ, ಒಂದು ಗೋಣಿ ಹಾಸಿಕೊ. ನೀನು ಎಲ್ಲಿದ್ದೀಯೆಂದು ನೀನೂ ಬರೆಯುವ ಹಾಗಿಲ್ಲ, ನಾನೂ ಕೇಳುವ ಹಾಗಿಲ್ಲ. ನಡುವೆ ಕಾಗದ ಒಡೆದು ಓದುವ ದೊರೆಗಳಿದ್ದಾರೆ. ಸ್ವಾಮಿ ದೊರೆಗಳೇ, ತಮಗೂ ನಮಸ್ಕಾರ. ಈ ಕಾಗದದಲ್ಲಿ ಯುದ್ಧದ ಸಮಾಚಾರ ಒಂದಕ್ಷರವೂ ಇಲ್ಲ, ಕತ್ತರಿ ಹುಡುಕುವ ತೊಂದರೆ ತೆಗೆದುಕೊಳ್ಳಬೇಡಿ. ಹುರುಳಿ ಎಂದು ಬಂದ ಕಡೆ ಹುರುಳಿ ಎಂದೇ ಅರ್ಥ. ಅದೂ ಇಲ್ಲದ ಹುರುಳಿ, ಮುಂದೆ ಓದಿದರೆ ತಿಳಿಯುತ್ತದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. "ಮಾವ, ಮೂರು ವರ್ಷದಿಂದ ಕಳಿಸಿದ ಮನಿಯಾರ್ಡರು ಅಮ್ಮನ ಹತ್ತಿರ ಜೋಪಾನವಾಗಿದೆಯಾ? ಯುದ್ಧ ಮುಗಿದ ಮೇಲೆ ಹೊಸೂರಿನಲ್ಲಿ ಸೈಕಲ್ ಶಾಪು ಇಡಬೇಕು" ಎಂದು ಕೇಳಿದ್ದೀಯೆ. ತಿಂಗಳಿಗೆ ಹತ್ತರಂತೆ ಮುನ್ನೂರ ಅರವತ್ತು ರೂಪಾಯಿ. ಇದೆ, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಈ ನಾಲ್ಕು ತಿಂಗಳಲ್ಲಿ ಆ ದುಡ್ಡು ನಿನಗಿಂತ ದೊಡ್ಡ ಯುದ್ಧ ಮಾಡಿ ಬಂದಿದೆಯಪ್ಪ, ಅದರ ಕಥೆ ಕೇಳದೆ ಉತ್ತರ ಕೇಳಿದರೆ ರುಚಿಯಿರುವುದಿಲ್ಲ. ಆ ಯುದ್ಧದ ಸೇನಾಪತಿ ನಾನೇ. ಅದನ್ನು ರಾಗಿ ಗುಡಾಣದಿಂದ ಹೊರಕ್ಕೆ ತೆಗೆಸಿ ಯುದ್ಧಕ್ಕೆ ಕಳಿಸಿದವನೂ ನಾನೇ. ಎರಡನೆಯದನ್ನು ನಿನ್ನ ಅಮ್ಮ ಬೇರೆಯವರ ಕೈಲಿ ಬರೆಸಿ ಹಾಕುವ ಮುಂಚೆ ನಾನೇ ಹೇಳಿಬಿಡುವುದು ವಾಸಿ.

ಹೋದ ದೀಪಾವಳಿ ಕಳೆದು ಒಂದು ವಾರದಲ್ಲಿ ಮುನಿಕೃಷ್ಣಪ್ಪ ಎಂಬೊಬ್ಬ ನಮ್ಮೂರಿಗೆ ಬಂದಿಳಿದ. ಬಸ್ಸು ನಿಲ್ಲುವ ಕಡೆ ಖಾಲಿ ಬಿದ್ದಿದ್ದ ಹೆಂಚಿನ ಮನೆಯನ್ನು ಬಾಡಿಗೆಗೆ ಹಿಡಿದ. ನಲವತ್ತರ ವಯಸ್ಸು, ಇಸ್ತ್ರಿ ಮಾಡಿದ ಕೋಟು, ನಕ್ಕರೆ ಒಂದು ಬಂಗಾರದ ಹಲ್ಲು. ತೆಲುಗಿನವರ ಜಗಲಿಯಲ್ಲಿ ಕೂತರೆ ಅವರು 'ಮನವಾಡು' ಎಂದರು, ತಮಿಳಿನವರು 'ನಮ್ಮಾಳು' ಎಂದರು, ನಾವು 'ನಮ್ಮೋನು' ಎಂದೆವು. ಮೂರು ಭಾಷೆಯೂ ಅವನಿಗೆ ಅಷ್ಟು ಸಲೀಸು. ಅವನ ಊರು ಯಾವುದೆಂದು ಯಾರೂ ಕೇಳಲಿಲ್ಲ. ನಮ್ಮವನನ್ನೇ ನಿನ್ನೂರು ಯಾವುದಪ್ಪಾ ಎಂದು ಕೇಳುವುದು ಹೇಗೆ? ಅವನ ಕಸುಬು ಹುರುಳಿ. ಪಟಾಲಮಿನ ಕುದುರೆಗಳಿಗೂ ಹೇಸರಗತ್ತೆಗಳಿಗೂ ಹುರುಳಿ ಒದಗಿಸುವ ಕಂಟ್ರಾಕ್ಟು ತನಗಾಗಿದೆ, ಕಾಳು ಕೊಳ್ಳಲು ಬಂಡವಾಳ ಸಾಲದು, ಬರುವ ಲಾಭ ದೊಡ್ಡ ಸಾಹುಕಾರರಿಗೆ ಹೋಗುವುದಕ್ಕಿಂತ ನಮ್ಮಂಥ ನಾಲ್ಕು ಜನಕ್ಕೆ ಸೇರಲಿ ಎಂಬುದೊಂದೇ ತನ್ನ ಆಸೆ ಎಂದ. ಕುದುರೆ ಹುರುಳಿ ತಿನ್ನುತ್ತದೆ, ಯುದ್ಧ ನಡೆಯುತ್ತಿದೆ, ಪಟಾಲಮಿನಲ್ಲಿ ಕುದುರೆಗಳಿವೆ. ಮೂರೂ ನಿಜ. ಮೂರು ನಿಜದ ಪಕ್ಕದಲ್ಲಿ ನಿಂತ ನಾಲ್ಕನೆಯದೂ ನಿಜವೇ ಇರಬೇಕೆಂದು ನಾನು ತಿಳಿದೆ, ನಾಲ್ಕನೇ ಕ್ಲಾಸು ಪಾಸಾದವನು. ಒಂದು ದಿನ ಮಾತ್ರ, ಕಾಳಿನ ಗೋದಾಮು ಎಲ್ಲಿದೆಯೆಂದು ಕೇಳಿದೆ. ಅವನು ಬಾಗಿಲ ಕಡೆ ಕಣ್ಣು ಹಾಯಿಸಿ, ನನ್ನ ಕಿವಿಯ ಹತ್ತಿರ ಬಂದು, "ಮೆಲ್ಲಗೆ ಅಣ್ಣೋ, ಗ್ವಾಡೆಗೂ ಕಿವಿ ಅವೆ. ನಮ್ ಕುದುರೆ ಮೇವು ಎಲ್ಲೈತೆ ಅಂತ ಜಪಾನಿನೋನಿಗೆ ಗೊತ್ತಾದ್ರೆ ಯುದ್ಧವೇ ಕೆಟ್ಟೋಯ್ತದೆ" ಎಂದ. ಅಂದಿನಿಂದ ನಾನು ಹುರುಳಿ ಸಾರು ಉಣ್ಣುವಾಗಲೂ ಬಾಗಿಲು ಹಾಕಿಕೊಂಡೇ ಉಂಡೆ.

ಅವನು ಕಂಪೆನಿಗೆ ದುಡ್ಡು ಕೊಡಿ ಎಂದು ಯಾರನ್ನೂ ಕೇಳಲಿಲ್ಲ ಕಣಪ್ಪ, ಅದೇ ಅವನ ಜಾಣತನ. ಹೊಸಮನೆ ಒಕ್ಕಲೆಂದು ಊರಿಗೆಲ್ಲ ಊಟ ಹಾಕಿದ. ಬೆಲ್ಲ ಕಣ್ಣಿಗೆ ಕಾಣದ ಈ ಕಾಲದಲ್ಲಿ ಎಲೆಗೆ ಎರಡೆರಡು ಒಬ್ಬಟ್ಟು! ಉಂಡವರು ಮುಯ್ಯಿ ಹಾಕದೆ ಏಳುವುದುಂಟೆ? ಮುಯ್ಯಿ ಎಂದರೇನೆಂದು ನಿನಗೆ ಹೇಳಬೇಕಿಲ್ಲ, ದೊರೆಗಳಿಗಾಗಿ ಬರೆಯುತ್ತೇನೆ. ನಮ್ಮ ಕಡೆ ಒಬ್ಬರ ಮನೆಯ ಶುಭಕಾರ್ಯಕ್ಕೆ ಹೋದರೆ ಕೈಲಾದಷ್ಟು ದುಡ್ಡು ಕೊಟ್ಟು ಅವರ ಪಟ್ಟಿಯಲ್ಲಿ ಹೆಸರು ಬರೆಸುತ್ತೇವೆ. ನಾಳೆ ನಮ್ಮ ಮನೆಯಲ್ಲಿ ಕಾರ್ಯವಾದಾಗ ಅವರು ಅದಕ್ಕೆ ಒಂದಿಷ್ಟು ಸೇರಿಸಿ ತಂದು ಹಾಕುತ್ತಾರೆ. ನಡುವೆ ಕೇಳುವಂತಿಲ್ಲ. ಮನೆಯಲ್ಲಿ ಕಾರ್ಯವಿಲ್ಲದೆ "ನನ್ ಮುಯ್ಯಿ ತತ್ತಾ" ಎಂದವನ ಮುಖವನ್ನು ಊರಿನ ನಾಯಿಯೂ ನೋಡುವುದಿಲ್ಲ. ಪತ್ರ, ಸಾಕ್ಷಿ, ಸ್ಟಾಂಪು ಎಂದು ಕೇಳುವುದಂತೂ ಇನ್ನೂ ಅವಮಾನ. ಮುನಿಕೃಷ್ಣಪ್ಪ ಆ ಪಟ್ಟಿಯನ್ನೇ ಕಂಪೆನಿಯ ಪುಸ್ತಕ ಮಾಡಿಕೊಂಡ. "ಇದು ಸಾಲ ಅಲ್ಲ, ಬಡ್ಡಿ ಅಲ್ಲ, ಮುಯ್ಯಿ. ನಿಮ್ ಮನೇಲಿ ಕಾರ್ಯ ಆದ ದಿವ್ಸ ಒಂದಕ್ಕೆ ಒಂದೂವರೆ ತಂದು ಆಕ್ತೀನಿ. ಅಲ್ಲೀಗಂಟ ತಿಂಗ್ಳುತಿಂಗ್ಳು ನೂರಕ್ಕೆ ಎರಡು ರೂಪಾಯಿ ವೀಳ್ಯ" ಎಂದ. ಹೇಳಿದ ಹಾಗೇ ತಿಂಗಳ ಮೊದಲ ಸಂತೆಯ ದಿನ ವೀಳ್ಯದೆಲೆಯ ಮೇಲೆ ದುಡ್ಡಿಟ್ಟು ಮನೆಮನೆಗೆ ತಾನೇ ಹೋಗಿ ಕೊಟ್ಟ. ತನಗೆ ಬಂದ ದುಡ್ಡನ್ನು ಮಾತ್ರ ಎಲ್ಲರೆದುರು ಎಣಿಸುತ್ತಿರಲಿಲ್ಲ. "ಮುಯ್ಯಿ ಎಣಿಸಿದ್ರೆ ಕೊಟ್ಟೋರ ಮಾನ ಎಣಿಸಿದಂಗೆ" ಎಂದು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕುತ್ತಿದ್ದ. ಪಕ್ಕದ ಬೀದಿಯ ಚಿನ್ನಪ್ಪ ಹತ್ತು ರೂಪಾಯಿ ಹಾಕಿದ್ದ. ಅವನ ಕಿರಿಮಗನ ಕಿವಿ ಚುಚ್ಚುವ ಶಾಸ್ತ್ರಕ್ಕೆ ಓಲಗದವರನ್ನು ಮುಂದಿಟ್ಟುಕೊಂಡು ಬಂದು ಹದಿನೈದು ರೂಪಾಯಿ ಕೂಗಿಸಿ ಹಾಕಿದ. ಅಂದು ಸಂಜೆಯೊಳಗೆ ಏಳು ಮನೆಯವರು ಅವನ ಜಗಲಿ ಹತ್ತಿದರು. ಹದಿನೈದು ಚೆಲ್ಲಿ ಇನ್ನೂರು ಬಾಚಿದ ಎಂಬುದನ್ನು ನಾನು ಈಗ ಕೂಡಿಸಿ ನೋಡುತ್ತಿದ್ದೇನೆ. ಅಂದು ಓಲಗದ ಹಿಂದೆ ತಲೆಯಾಡಿಸುತ್ತ ನಡೆಯುತ್ತಿದ್ದೆ.

ನಡೆಯದೆ ಏನು ಮಾಡಲಿ, ನನ್ನನ್ನು ಕಂಪೆನಿಯ ಡೈರೆಕ್ಟರ್ ಮಾಡಿದ್ದ. ಒಂದು ಕೆಂಪು ಶಾಲು ಹೊದಿಸಿ, "ಆವುಲಪ್ಪಣ್ಣನಂಗೆ ಓದ್ಕೊಂಡೋರು ಸುತ್ತ ಹತ್ತಳ್ಳೀಲಿ ಇಲ್ಲ" ಎಂದ. ಅದು ಸುಳ್ಳಲ್ಲವೆಂದು ನನಗೆ ಗೊತ್ತಿತ್ತು, ಆದ್ದರಿಂದ ಅವನು ಹೇಳಿದ ಮಿಕ್ಕದ್ದೂ ಸುಳ್ಳಿರಲಾರದು ಎಂದುಕೊಂಡೆ. ನನ್ನ ಕೆಲಸವೆಂದರೆ ಶಾಲು ಹೊದ್ದು ಅವನ ಜಗಲಿಯ ಮೇಲೆ ಕೂರುವುದು. ಬಂದವರು ನನ್ನನ್ನು ನೋಡಿ, "ಆವುಲಪ್ಪನೇ ಕುಂತವ್ನೆ ಅಂದ್ಮೇಲೆ ಇನ್ನೇನು" ಎಂದು ಒಳಗೆ ಹೋಗುತ್ತಿದ್ದರು. ಹಕ್ಕಿ ಹಿಡಿಯುವವನು ಸಾಕಿದ ಹಕ್ಕಿಯನ್ನು ಬಲೆಯ ಪಕ್ಕದಲ್ಲಿ ಕಟ್ಟಿಹಾಕುತ್ತಾನಲ್ಲ, ಹಾಗೆ. ಆ ಹಕ್ಕಿ ನಾನು ಕೂಗಿದಷ್ಟು ಇಂಪಾಗಿ ಕೂಗುವುದಿಲ್ಲ ಎಂಬುದೊಂದೇ ವ್ಯತ್ಯಾಸ. ಹಾಗೆ ಕೂಗಿ ಕೂಗಿ ಕಡೆಗೆ ನನ್ನ ತಂಗಿಯ ಗುಡಾಣಕ್ಕೂ ಬಂದೆ. "ಗುಡಾಣದೊಳಗಿಟ್ಟ ದುಡ್ಡು ಮರಿ ಹಾಕ್ತದೇನೇ ಪಿಳ್ಳೀ" ಎಂದು ಅಣಕಿಸಿದೆ. ಅವಳು ರಾಗಿಯೊಳಗೆ ಮೊಳಕೈವರೆಗೂ ಕೈಯಿಳಿಸಿ ಬಟ್ಟೆಯ ಗಂಟನ್ನು ತೆಗೆದು ನನ್ನ ಮುಂದಿಟ್ಟು, "ಇದು ನನ್ ಮಗ ಬೆವರು ಸುರಿಸಿದ್ದು ಕಣಣ್ಣ. ಆವಯ್ಯನ್ನ ನಾನು ಕಾಣೆ, ನಿನ್ನ ನಂಬಿ ಕೊಡ್ತಿವ್ನಿ" ಎಂದಳು. ಈ ಸಾಲು ಬರೆಯುವಾಗ ಲೇಖನಿಯನ್ನು ಎರಡು ಸಲ ಮಸಿಗೆ ಅದ್ದಿದೆ. ಮಸಿ ಚೆಲ್ಲಿದ ಗುರುತು ಅದೇ.

ಶಿವರಾತ್ರಿಯ ಹಿಂದೆ ಮುಂದೆ ಒಂದು ದೊಡ್ಡ ಸಂಗತಿ ನಡೆಯಿತು. ಕಿರಿಮಗನ ಕಿವಿ ಚುಚ್ಚಿಸಿದ ಚಿನ್ನಪ್ಪನಿಗೆ ಮದುವೆಗೆ ಬಂದ ಮೂವರು ಹೆಣ್ಣುಮಕ್ಕಳಿದ್ದಾರಲ್ಲ, ಅವರಿಗೆಂದು ಕೂಡಿಟ್ಟ ನೂರು ರೂಪಾಯಿಯನ್ನು ಅವನು ಮುಯ್ಯಿ ಹಾಕಲು ತಂದ. ಮುನಿಕೃಷ್ಣಪ್ಪ ಎರಡು ಕೈ ಮುಗಿದು, "ಮೂರು ಹೆಣ್ಮಕ್ಕಳ ತಂದೆ ನೀನು, ನಿನ್ ದುಡ್ಡು ಮುಟ್ಟಿದ್ರೆ ನಂಗೆ ಪಾಪ ಬತ್ತದೆ, ಮನೇಲೇ ಮಡಿಕ್ಕೊ ಅಣ್ಣ" ಎಂದು ತಿರುಗಿಸಿ ಕಳಿಸಿದ. ಊರಿಗೆ ಊರೇ ಅವನನ್ನು ಹೊಗಳಿತು. ಬಂದ ದುಡ್ಡು ಬೇಡ ಎನ್ನುವ ಕಳ್ಳನನ್ನು ಯಾರು ಕಂಡಿದ್ದಾರೆ? ನಾನೂ ಮನೆಗೆ ಬಂದು ಹೊಗಳಲು ಶುರುಮಾಡಿದೆ. ನಿನ್ನ ಅತ್ತೆ ಗೋವಿಂದಮ್ಮ ಮೊರದಲ್ಲಿ ರಾಗಿ ಕೇರುತ್ತ ಕೇಳಿಸಿಕೊಂಡಳು. ಕೇರುವುದನ್ನು ನಿಲ್ಲಿಸದೆಯೇ, "ಮಕ್ಕಳಿಲ್ದ ಅಕ್ಕಯಮ್ಮನ ಹತ್ರ ಇಸ್ಕೊಂಡ. ಮಗ ಪಟಾಲಮ್ನಾಗಿರೋ ನಿನ್ ತಂಗಿ ಹತ್ರ ಇಸ್ಕೊಂಡ. ಮೂರು ಮದ್ವೆ ತಲೆಮ್ಯಾಲಿರೋನ್ನ ಬ್ಯಾಡ ಅಂದ. ಇದು ಧರ್ಮ ಅಲ್ಲ ಕಣಯ್ಯೋ ಡೈರೆಟ್ರೇ, ಕಾರ್ಯ ಆಗದಿರೋ ಮನೆ ನೋಡಿ ಆರಿಸ್ಕೊಂಡವ್ನೆ" ಎಂದಳು. ಇದನ್ನು ನಾನೇ ಪತ್ತೆ ಮಾಡಿದೆನೆಂದು ಊರಿನಲ್ಲಿ ಹೇಳಿದ್ದೇನೆ, ನೀನೂ ಹಾಗೇ ಹೇಳು. ಆದರೂ ಮನೆಯ ಮಗನಿಗೆ ಸುಳ್ಳು ಬರೆಯಬಾರದಲ್ಲ.

ಮಾರನೆಯ ದಿನ ಜಗಲಿಯ ಮೇಲೆ ಕೂತು, ಅವನು ಒಳಗೆ ನಿದ್ದೆ ಮಾಡುವಾಗ ಪಟ್ಟಿ ತೆಗೆದು ನೋಡಿದೆ. ನಮ್ಮೂರಿನ ಹನ್ನೊಂದು ಮನೆಗಳ ದೊಡ್ಡ ಮುಯ್ಯಿ. ವಿಧವೆ ಅಕ್ಕಯಮ್ಮ, ಮೊಮ್ಮಕ್ಕಳ ಮದುವೆಯನ್ನೂ ಮುಗಿಸಿದ ಮುದುಕರು, ಗಂಡುಮಕ್ಕಳನ್ನು ಯುದ್ಧಕ್ಕೆ ಕಳಿಸಿದವರು. ಹತ್ತಿರದಲ್ಲಿ ಒಂದು ನಾಮಕರಣವಾಗುವ ಮನೆಯೂ ಇಲ್ಲ! ಕಾರ್ಯವಿಲ್ಲದ ಮನೆಯವರು ಕೇಳುವುದಿಲ್ಲ, ಕೇಳದವರಿಗೆ ಕೊಡಬೇಕಾಗಿಲ್ಲ. ತಿಂಗಳ ವೀಳ್ಯ ಎಲ್ಲಿಂದ ಬರುತ್ತಿತ್ತೆಂದರೆ, ಅಕ್ಕಯಮ್ಮನ ದುಡ್ಡು ಪಿಳ್ಳಮ್ಮನ ಮನೆಗೆ ವೀಳ್ಯವಾಗಿ ಬರುತ್ತಿತ್ತು, ಪಿಳ್ಳಮ್ಮನ ದುಡ್ಡು ಅಕ್ಕಯಮ್ಮನ ಮನೆಗೆ. ಹುರುಳಿ ಎಂಬುದು ಒಂದು ಕಾಳೂ ಇರಲಿಲ್ಲಪ್ಪ, ಅವನ ಮನೆಯ ಇಲಿಗಳು ಕೂಡ ನಮ್ಮನೆಗೆ ಬಂದು ಉಂಡು ಹೋಗುತ್ತಿದ್ದವು. ಪೊಲೀಸಿಗೆ ಹೋಗೋಣವೆಂದರೆ ತೋರಿಸಲು ಪತ್ರವಿಲ್ಲ. ಕೂಗಾಡಿದರೆ ಅದೇ ದಿನ ಗಂಟು ಕಟ್ಟುತ್ತಾನೆ. ನಾನು ಎರಡು ದಿನ ಊಟ ಬಿಟ್ಟೆ. ಅಂದರೆ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಮೂರನೆಯ ದಿನ ಹೊಳೆಯಿತು: ಮುಯ್ಯಿ ಹಿಡಿದವನಿಂದ ಮುಯ್ಯಿಯಾಗಿಯೇ ಬಿಡಿಸಬೇಕು. ಪಿಳ್ಳಮ್ಮನ ಮನೆಯಲ್ಲಿ ಒಂದು ಕಾರ್ಯ ಇಡಬೇಕು. ಆದರೆ ಬರೀ ಕಾರ್ಯ ಎಂದರೆ ಅವನು ಹಿಂದಿನ ದಿನವೇ ಓಡುತ್ತಾನೆ. ಓಡದಂತೆ ಮೂಗಿನ ಮುಂದೆ ಏನಾದರೂ ಹಿಡಿಯಬೇಕು.

ನಿನ್ನ ಅತ್ತೆಯ ತಮ್ಮ ಪಾಪಣ್ಣ ಅಂಚೆಟ್ಟಿಯ ಆಚೆ ನಾಟ್ರಾಂಪಾಳ್ಯದಲ್ಲಿದ್ದಾನಲ್ಲ, ಅವನಿಗೆ ಹೇಳಿ ಕಳಿಸಿದೆ. ಮುನಿಕೃಷ್ಣಪ್ಪನ ಹತ್ತಿರ ಹೋಗಿ, "ನನ್ನ ಭಾವಮೈದ ಅಜ್ಜ ಹೂತಿಟ್ಟಿದ್ದ ಸಾವಿರ ಬೆಳ್ಳಿ ರೂಪಾಯಿ ಅಗೆದು ತೆಗೆದಿದ್ದಾನೆ, ಎಲ್ಲ ರಾಣಿ ಮುಖದ್ದು, ಕಾಡಿನಲ್ಲಿ ಇಟ್ಟುಕೊಳ್ಳಲು ಹೆದರುತ್ತಾನೆ, ನಮ್ಮ ಕಂಪೆನಿಗೆ ಹಾಕಿಸೋಣವೆ" ಎಂದೆ. ಬಂಗಾರದ ಹಲ್ಲು ಆ ದಿನ ಹೊಳೆದಂತೆ ಎಂದೂ ಹೊಳೆದಿರಲಿಲ್ಲ. "ಆದರೆ ಅವನು ಅನುಮಾನದ ಪ್ರಾಣಿ. ಒಬ್ಬರ ದೊಡ್ಡ ಮುಯ್ಯಿ ಹಿಂದಕ್ಕೆ ಬಂದದ್ದನ್ನು ಕಣ್ಣಾರೆ ನೋಡದೆ ಗಂಟು ಕೊಡುವುದಿಲ್ಲ. ಹೇಗೂ ಬುಧವಾರ ಪಿಳ್ಳಮ್ಮನ ಮನೆಯಲ್ಲಿ ಕಾರ್ಯ" ಎಂದೆ. ಅವನು ಹುಬ್ಬು ಗಂಟು ಹಾಕಿ, "ಮಗ ಪಟಾಲಮ್ನಾಗವ್ನೆ, ಅವರ ಮನೇಲೇನು ಕಾರ್ಯ?" ಎಂದ. ಏನು ಕಾರ್ಯವೆಂದು ಹೇಳಿದೆ. ಹೌದಲ್ಲ, ಆಗಬಹುದಲ್ಲ ಎಂದು ಒಪ್ಪಿಕೊಂಡ. ಏನು ಕಾರ್ಯವೆಂದು ನೀನು ಕೇಳಬೇಡ, ಕಥೆಯ ನಡುವೆ ಬಾಯಿ ಹಾಕಿದರೆ ನನಗೆ ಎಳೆ ತಪ್ಪುತ್ತದೆ.

ಬುಧವಾರ ನಿಮ್ಮ ಮನೆಯ ಮುಂದೆ ಚಪ್ಪರ, ಮಾವಿನ ತೋರಣ, ಊರೆಲ್ಲ ಕೂಡಿತ್ತು. ಪಾಪಣ್ಣ ನನ್ನ ಮದುವೆಯ ಕೋಟು ತೊಟ್ಟು, ಗುಂಡಿ ಹಾಕಲಾಗದೆ ಹೊಟ್ಟೆ ಬಿಟ್ಟುಕೊಂಡು ಕೂತಿದ್ದ. ತೊಡೆಯ ಪಕ್ಕದಲ್ಲಿ ಬಾಯಿಗೆ ಅರಗಿನ ಮುದ್ರೆ ಹಾಕಿದ ಗೋಣಿತಾಟಿನ ಚೀಲ. "ಭಾವ, ನಾನ್ ಬಾಯ್ಬುಟ್ರೆ ಕೆಟ್ಟೋಯ್ತದೆ, ಉಣ್ಣಾಕೆ ಮಾತ್ರ ತೆಗೀತೀನಿ" ಎಂದವನು ಮಾತಿಗೆ ತಪ್ಪದೆ ಹನ್ನೊಂದು ಕಡುಬು ತಿಂದ. ನಾನು ಮುಯ್ಯಿ ಬರೆಯಲು ಕೂತೆ. ಓಲಗದೊಂದಿಗೆ ಮುನಿಕೃಷ್ಣಪ್ಪ ಬಂದ. ತಟ್ಟೆಯಲ್ಲಿ ನೋಟು ಜೋಡಿಸಿಕೊಂಡು ತಂದಿದ್ದ, ಎಣಿಸುವುದು ಬೇಡವೆನ್ನುವಂತೆ ನನ್ನ ಕಡೆ ಕಣ್ಣು ಮಿಟುಕಿಸಿದ. ಡೈರೆಕ್ಟರ್ ಅಲ್ಲವೆ ನಾನು, ಬೆರಳಿಗೆ ಎಂಜಲು ಹಚ್ಚಿಕೊಂಡು ಒಂದೊಂದಾಗಿ ಎಣಿಸಿದೆ. "ಪಿಳ್ಳಮ್ಮನ ಮುನ್ನೂರ ಅರವತ್ತಕ್ಕೆ ಮುನಿಕೃಷ್ಣಪ್ಪ ಹಾಕಿದ ಮುಯ್ಯಿ ಐನೂರ ನಲವತ್ತು!" ಎಂದು ಬೀದಿಯ ಕೊನೆಗೆ ಕೇಳುವ ಹಾಗೆ ಕೂಗಿದೆ. ನಿನ್ನ ಅಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದವಳು, ಗುಡಾಣಕ್ಕೆ ಬೆನ್ನು ಕೊಟ್ಟು ಕೂತು ಸಂಜೆಯವರೆಗೂ ಏಳಲಿಲ್ಲ.

ಅಷ್ಟರಲ್ಲಿ ಅಕ್ಕಯಮ್ಮ ಎಲೆಅಡಿಕೆ ತಟ್ಟೆ ಹಿಡಿದು ಬಂದಳು. ಅವಳಿಗೆ ಅದೇ ಮುಹೂರ್ತದಲ್ಲಿ ಅರಳಿಕಟ್ಟೆಯ ಮೇಲೆ ಅರಳಿಮರಕ್ಕೂ ಬೇವಿನಮರಕ್ಕೂ ಮದುವೆ ಮಾಡಿಸಲು ಹೇಳಿದ್ದೆ. "ಬಾರಪ್ಪಾ, ನಮ್ಮನೆ ಕಾರ್ಯಕ್ಕೂ ಬಾ. ಗಂಡು ಅಳ್ಳಿಮರ, ಹೆಣ್ಣು ಬೇವಿನ್ಮರ. ನನ್ ನಲವತ್ತಕ್ಕೆ ಅರವತ್ತಾಕು" ಎಂದಳು. "ಮರಕ್ಕೆಲ್ಲ ಮುಯ್ಯಿ ಉಂಟೇನಜ್ಜಿ?" ಎಂದು ಅವನು ನಕ್ಕ. "ಮಕ್ಕಳಿಲ್ದೋಳಿಗೆ ಮರವೇ ಮಗ ಕಣಪ್ಪ. ಬ್ಯಾಡ ಅಂದ್ರೆ ಯೋಳು, ಊರೋರ ಮುಂದೇನೇ ಯೋಳು" ಎಂದಳು ಮುದುಕಿ, ಗಲ್ಲ ಎತ್ತಿಕೊಂಡು. ಊರೆಲ್ಲ ಅವನ ಮುಖ ನೋಡಿತು. ಪಾಪಣ್ಣ ಚೀಲವನ್ನು ಒಂದು ಸಲ ಎತ್ತಿ ಇಟ್ಟ, ಒಳಗೆ ಝಣಕ್ ಎಂದಿತು. ಮುನಿಕೃಷ್ಣಪ್ಪ ಕೋಟಿನ ಒಳಜೇಬಿನಿಂದ ಅರವತ್ತು ತೆಗೆದು ಕೊಟ್ಟ. ಆಮೇಲೆ ಪಾಪಣ್ಣ ಚೀಲವನ್ನು ಅವನ ಕೈಗೆ ದಾಟಿಸಿ, "ಇಲ್ ಬಿಚ್ಬ್ಯಾಡ, ಜನದ ಕಣ್ಣು. ಓಸೂರ್ನಾಗೆ ಎಣಿಸ್ಕೊ" ಎಂದ. "ನಾನು ಮುಯ್ಯಿ ಎಣಿಸೋನಲ್ಲಣ್ಣ" ಎಂದು ಅವನು ಚೀಲವನ್ನು ಕಣ್ಣಿಗೊತ್ತಿಕೊಂಡ. ಅದರಲ್ಲಿದ್ದದ್ದು ಸವೆದ ಎತ್ತಿನ ಲಾಳ, ನಡುವೆ ಸಂದು ತುಂಬಲು ಹುಣಿಸೆಬೀಜ.

ಕಾಲು ಗಂಟೆಯಲ್ಲಿ ಅವನು ಪೆಟ್ಟಿಗೆ, ಹಾಸಿಗೆ, ಚೀಲದೊಂದಿಗೆ ಹೊಸೂರಿನ ಬಸ್ಸು ಹತ್ತಿದ. ಬ್ಯಾಂಕಿಗೆ ಕಟ್ಟಿ ನಾಳೆಯೇ ಬರುತ್ತೇನೆಂದ. ಪೆಟ್ರೋಲಿಲ್ಲದ ಈ ಕಾಲದಲ್ಲಿ ನಮ್ಮ ಬಸ್ಸು ಇದ್ದಿಲ ಹೊಗೆಯಲ್ಲಿ ಓಡುವುದು, ನಿನಗೆ ಗೊತ್ತಲ್ಲ. ಊರು ದಾಟುವ ಏರಿನಲ್ಲೇ ನಿಂತುಬಿಟ್ಟಿತು. ಡ್ರೈವರ್ "ಇಳ್ದು ತಳ್ರಪ್ಪೋ" ಎಂದು ಕೂಗಿದ. ಎಲ್ಲರೂ ಇಳಿದರು, ಮುನಿಕೃಷ್ಣಪ್ಪ ಮಾತ್ರ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ. ಬೀಳ್ಕೊಡಲು ಬಂದಿದ್ದ ನಾನು, ಪಾಪಣ್ಣ, ಚಿನ್ನಪ್ಪ, ಹತ್ತು ಜನ ಓಡಿಹೋಗಿ ಹೆಗಲು ಕೊಟ್ಟೆವು. "ನಮ್ ಲಾಳಾನ ನಾವೇ ತಳ್ತಾ ಇದೀವಲ್ಲೋ ಭಾವ!" ಎಂದು ಪಾಪಣ್ಣ ಪಿಸುಗುಟ್ಟಿದ, ನನಗೆ ನಗು ಬಂದು ಕಾಲು ಜಾರಿ ಮಂಡಿ ತರಚಿತು. ಏರು ಹತ್ತಿದ ಮೇಲೆ ಅವನು ಕಿಟಕಿಯಿಂದ ಕೈ ಬೀಸಿದ. ನಮಗೆ ಸಾವಿರ ರೂಪಾಯಿ ಟೋಪಿ ಹಾಕಿದೆನೆಂಬ ಸಂತೋಷ ಅವನಿಗೆ, ನಾವೂ ಸಂತೋಷವಾಗಿಯೇ ಕೈ ಬೀಸಿದೆವು.

ಮಿಕ್ಕ ಒಂಬತ್ತು ಮನೆಗಳವರ ಮುಖ ನೋಡಿದಾಗ ಆ ನಗು ಇಳಿಯಿತು. ಅವರದು ಒಟ್ಟು ಇನ್ನೂರ ಎಪ್ಪತ್ತು. ಆಗ ನಿನ್ನ ಅಮ್ಮ ಗುಡಾಣದ ಹತ್ತಿರದಿಂದ ಎದ್ದು ಬಂದು ಚಾಪೆಯ ಮೇಲೆ ನೂರ ಎಂಬತ್ತು ರೂಪಾಯಿ ಇಟ್ಟು, "ನನ್ ಮಗ ಕಳ್ಸಿದ್ದು ಮುನ್ನೂರ ಅರವತ್ತು. ಮಿಕ್ಕಿದ್ದು ನಮ್ದಲ್ಲ, ಇವರ ಮನೇದು" ಎಂದಳು. ಅಕ್ಕಯಮ್ಮನೂ ಹೆಚ್ಚಿಗೆ ಬಂದ ಇಪ್ಪತ್ತನ್ನು ತಂದಿಟ್ಟಳು. ಒಬ್ಬೊಬ್ಬರಿಗೂ ರೂಪಾಯಿಗೆ ಹನ್ನೆರಡಾಣೆಗಿಂತ ಚೂರು ಕಮ್ಮಿ ಬಂತು. ಕೊರತೆ ಬಿದ್ದ ಎಪ್ಪತ್ತನ್ನು ಸುಗ್ಗಿಯ ರಾಗಿ ಮಾರಿ ನಾನು ತೀರಿಸುತ್ತೇನೆಂದು ಊರ ಮುಂದೆ ಹೇಳಿದ್ದೇನೆ. ಹೇಳುವಾಗ ನಿನ್ನ ಅತ್ತೆ ನನ್ನನ್ನು ನೋಡಿದ ನೋಟವನ್ನು ಜಪಾನಿನವನು ನೋಡಿದ್ದರೆ ಯುದ್ಧ ಅಂದೇ ಮುಗಿಯುತ್ತಿತ್ತು. ಶುಕ್ರವಾರ ರಾಯಕೋಟೆ ಕಡೆಯ ಹಳ್ಳಿಯವರು ಅವನನ್ನು ಹುಡುಕಿಕೊಂಡು ಬಂದರು. ನಮಗೆ ಕೊಟ್ಟದ್ದು ಅವರ ದುಡ್ಡೇ ಇರಬೇಕು. ಅವರಲ್ಲೂ ಒಬ್ಬ ಡೈರೆಕ್ಟರ್ ಇದ್ದ, ಅದೇ ಕೆಂಪು ಶಾಲು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಶಾಲು ಮಡಚಿದೆವು. ಎಲ್ಲ ಸೇರಿ ಪೊಲೀಸಿಗೆ ಹೋದರೆ ಇನ್ಸ್‌ಪೆಕ್ಟರು, "ಪತ್ರ ಉಂಟಾ?" ಎಂದರು. "ಮುಯ್ಯಿಗೆ ಪತ್ರ ಎಲ್ಲಿಂದ ಸ್ವಾಮಿ" ಎಂದೆವು. ಅವರು ಪೆನ್ನಿಗೆ ಟೋಪಿ ಹಾಕಿದರು. ಅವನು ಈಗ ಯಾವ ಊರಿನಲ್ಲಿ ಯಾವ ಹೆಸರಿನಲ್ಲಿ ಯಾವ ಕಾಳು ಮಾರುತ್ತಿದ್ದಾನೋ. ನಿನ್ನ ಜೊತೆಯ ಹುಡುಗರಿಗೂ ಹೇಳು, ಮನೆಗೆ ಬರೆಯಲಿ: ದುಡ್ಡು ಕೇಳಲು ಬಂದವನು ಯಾರ ದುಡ್ಡನ್ನು ಇಸಿದುಕೊಂಡ ಎಂದು ನೋಡಬೇಡಿ, ಯಾರದನ್ನು ಬೇಡವೆಂದ ಎಂದು ನೋಡಿ.

ನಿನ್ನ ಮುನ್ನೂರ ಅರವತ್ತು ಗುಡಾಣದಲ್ಲಿದೆ. ಸೈಕಲ್ ಶಾಪಿಗೆ ಬೋರ್ಡು ಬರೆಯುವುದು ನಾನೇ, ನನ್ನ ಅಕ್ಷರದ ಮುಂದೆ ಅಚ್ಚು ನಾಚಬೇಕು. ಗೋವಿಂದಮ್ಮ ನಿನ್ನನ್ನು ಕೇಳಿದಳು. ಅಕ್ಕಯಮ್ಮ ತನ್ನ ಹೊಸ ಮಗ ಅರಳಿಮರದ ಕೆಳಗೆ ಕೂತು ನಿನಗಾಗಿ ಹರಸುತ್ತಾಳಂತೆ. ಮೇಲಧಿಕಾರಿಗಳ ಮಾತು ಮೀರಬೇಡ, ಗುಂಡು ಹಾರುವ ಕಡೆ ಮುಂದೆ ನಿಲ್ಲಬೇಡ. ನೂರ್ಕಾಲ ಬಾಳು.

ಇತಿ ನಿನ್ನ ಹಿತವನ್ನೇ ಕೋರುವ ಮಾವ,
ಆವುಲಪ್ಪ

ಮರೆತ ಮಾತು: ಟಪಾಲಿನವನು ಬಾಗಿಲಿಗೆ ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಬುಧವಾರದ ಆ ಕಾರ್ಯ ನಿನ್ನ ವೀಳ್ಯಶಾಸ್ತ್ರ, ಅಂದರೆ ಮದುವೆಯ ನಿಶ್ಚಯ. ಮುನಿಕೃಷ್ಣಪ್ಪ ಒಪ್ಪುವಂಥದ್ದು ಬೇರೆ ಏನೂ ಹೊಳೆಯಲಿಲ್ಲ. ಸುಳ್ಳು ಶಾಸ್ತ್ರವಾದರೆ ಮೂಸಿ ಹಿಡಿಯುತ್ತಾನೆಂದು ಐನೋರನ್ನು ಕರೆಸಿ ನಿಜವಾಗಿಯೇ ಮಾಡಿಬಿಟ್ಟೆವು. ನೀನು ಟೋಪಿ ಹಾಕಿಕೊಂಡಿರುವ ಫೋಟೋವನ್ನು ಮಣೆಯ ಮೇಲೆ ಕೂರಿಸಿದೆವು. ಹೆಣ್ಣು ಬೇಕಲ್ಲ, ಇನ್ನೊಬ್ಬರ ಮಗಳ ಹೆಸರನ್ನು ಹೇಗೆ ಎತ್ತಲಿ? ನಮ್ಮ ಅಂಜಮ್ಮನನ್ನೇ ಕೂರಿಸಿದೆ. ಇಪ್ಪತ್ತು ತುಂಬಿದೆ, ನನ್ನ ಮಗಳಾದರೂ ಮಾತು ಕಡಿಮೆ. ಒಪ್ಪಿಗೆಯೇನಮ್ಮಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. "ಪೋಟಾಗೆ ದೂಳು ಕೂತೈತೆ" ಎಂದು ಸೆರಗಿನಿಂದ ಒರೆಸಿದಳು, ಅಷ್ಟೇ. ಊರವರೆಲ್ಲ ನಂಬಿ ಹಾಕಿದ ಮುಯ್ಯಿ ನೂರ ಹನ್ನೆರಡು ರೂಪಾಯಿ ನನ್ನ ಹತ್ತಿರವಿದೆ. ಮದುವೆ ನಡೆಯದಿದ್ದರೆ ನನಗೂ ಆ ಹುರುಳಿಯವನಿಗೂ ಏನು ವ್ಯತ್ಯಾಸ, ಮನೆಮನೆಗೂ ಹೋಗಿ ಹಿಂದಕ್ಕೆ ಕೊಡಬೇಕು. ಕೊಡುತ್ತೇನೆ, ಅದಕ್ಕೆ ಹೆದರಿ ನೀನು ಒಪ್ಪಬೇಡ. ನಿನಗೆ ಮನಸ್ಸಿದ್ದರೆ ವೈಶಾಖದಲ್ಲಿ ಹದಿನೈದು ದಿನ ರಜೆ ಕೇಳು. ಅವಳ ಮನಸ್ಸು ಹೇಗೆ ತಿಳಿಯುವುದು ಎಂದರೆ, ಈ ಕಾಗದವನ್ನು ಅಂಟಿಸದೆ ಅವಳ ಕೈಗೇ ಕೊಡುತ್ತಿದ್ದೇನೆ, ಅವಳಿಗೆ ಓದು ಬರುತ್ತದೆ. ಇಷ್ಟವಿಲ್ಲದಿದ್ದರೆ ಒಲೆಗೆ ಹಾಕು ತಾಯಿ, ಇಷ್ಟವಿದ್ದರೆ ಟಪಾಲಿನವನಿಗೆ ಕೊಡು ಎಂದಿದ್ದೇನೆ. ಕಾಗದ ನಿನ್ನ ಕೈ ಸೇರಿದ್ದರೆ, ಅವಳು ಒಪ್ಪಿದ್ದಾಳೆ.